ಸಹಿ ನಮ್ದು, ವಕೀಲ್ರು ಯಾರ ಕಡೆಯೋರು?

ತಿಂಗಳಿಗೆ ಒಬ್ರೋ ಇಬ್ರೋ ನಂಗೆ ಫೋನ್ ಮಾಡಿ ಕೇಳ್ತಾನೇ ಇರ್ತಾರೆ, "ಅಕ್ಕ, ನಮ್ಮ ಕಡೆ ಒಳ್ಳೆ ಲಾಯರ್ ಯಾರಾದ್ರೂ ಗೊತ್ತಾ?" ಅಂತ. ಒಬ್ರದ್ದು ಮಗನ ಬೈಕ್ ಕೇಸು, ಒಬ್ರದ್ದು ಬದಿನ ಜಗಳ, ಇನ್ನೊಬ್ರದ್ದು ಮಗಳ ಸಂಸಾರದ ಗೋಳು. ಒಂದು ಹೆಸರು, ಒಂದು ನಂಬರ್ ಕೊಟ್ಬುಟ್ರೆ ಕೆಲಸ ಮುಗೀತು ಅನ್ಕೋತಾರೆ. ನಾನು ಹೆಸರು ಹೇಳೋಕೆ ಮುಂಚೆ ಒಂದು ಮಾತು ಕೇಳ್ತೀನಿ: "ಕಾಗದದಲ್ಲಿ ಯಾರ ಹೆಸರು ಐತೆ? ಸಹಿ ಹಾಕೋರು ಯಾರು?"

ಇದಕ್ಕೆ ಸುಮಾರು ಜನ ಸುಮ್ನಾಗ್ತಾರೆ. ನೋಡಿದ್ರೆ ಗಾಡಿ ಆರ್‌ಸಿ ಇರೋದು ಚಿಕ್ಕಮ್ಮನ ಹೆಸರಲ್ಲಿ. ಜಾಮೀನಿಗೆ ಕೊಟ್ಟಿರೋ ಪಹಣಿ ಅತ್ತೆ ಹೆಸರಲ್ಲಿ. ಹಕ್ಕು ಬಿಡುಗಡೆ ಪತ್ರಕ್ಕೆ ಬೇಕಾಗಿರೋ ಹೆಬ್ಬೆಟ್ಟು ಅಕ್ಕಂದು. ಆದ್ರೆ ವಕೀಲ್ರ ಆಫೀಸಿನ ಕುರ್ಚೀಲಿ ಕೂತ್ಕೊಂಡು ಮಾತಾಡಿ ಬರೋರು ಗಂಡಸ್ರು. ನಾವು ಹೊರಗಡೆ ಬೆಂಚಿನ ಮೇಲೆ, ಇಲ್ಲಾ ಮನೇಲಿ. "ಇಲ್ಲೊಂದು ಸಹಿ ಹಾಕವ್ವ" ಅಂದಾಗ ಮಾತ್ರ ನಮ್ಮ ನೆನಪಾಯ್ತದೆ. ಅದಕ್ಕೇ ವಕೀಲ್ರನ್ನ ಹಿಡಿಯೋ ಬಗ್ಗೆ ನಂಗೆ ಗೊತ್ತಿರೋದನ್ನ ಒಂದೇ ಕಡೆ ಬರೆದು ಇಡ್ತಾ ಇದ್ದೀನಿ. ಓದಿ, ನಿಮ್ಮ ಮನೆ ಹೆಣ್ಮಕ್ಕಳಿಗೂ ಓದಿ ಹೇಳಿ.

ನಾನೇನೂ ಕಾನೂನು ಓದಿದೋಳಲ್ಲ. ಪಿಯುಸಿ ಆಗ್ತಿದ್ದಂಗೆ ಮದ್ವೆ ಮಾಡಿದ್ರು. ನಮ್ಮ ತವರು ಚನ್ನಪಟ್ಟಣ ತಾಲ್ಲೂಕು, ನನ್ನ ಕೊಟ್ಟಿರೋದು ರಾಮನಗರಕ್ಕೆ, ಅಕ್ಕನ್ನ ಮಾಗಡಿಗೆ, ತಂಗೀನ ಕನಕಪುರಕ್ಕೆ. ಈ ಎಂಟತ್ತು ವರ್ಷದಲ್ಲಿ ಒಬ್ಬರದ್ದಲ್ಲ ಒಬ್ಬರ ಕೆಲಸಕ್ಕೆ ಅಂತ ನಾಲ್ಕೂ ಊರಿನ ಕೋರ್ಟ್ ಮೆಟ್ಲು ಹತ್ತಿ ಇಳಿದಿದ್ದೀನಿ. ಅಲ್ಲಿ ಕೂತು ಕೇಳಿ ಕಲಿತಿದ್ದು ಇದು.

ಮೊದಲನೇದು, ಯಾವ ಊರಿನ ವಕೀಲ್ರು ಅನ್ನೋದು. 2007ರಲ್ಲಿ ರಾಮನಗರ ಜಿಲ್ಲೆ ಆಗೋವರೆಗೂ ನಾವು ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ್ವಿ. ಈಗ ಸರ್ಕಾರ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಹೆಸರಿಟ್ಟೈತೆ, ನಮ್ಮ ಬಾಯಲ್ಲಿ ಇನ್ನೂ ರಾಮನಗರನೇ. ಜಿಲ್ಲಾ ಕೋರ್ಟು ರಾಮನಗರದಲ್ಲಿ, ಉಳಿದ ಮೂರು ಊರಲ್ಲೂ ಅವರವರ ತಾಲ್ಲೂಕಿನ ಕೋರ್ಟು ಐತೆ. ಕೇಸು ಎಲ್ಲಿ ನಡೀತದೆ ಅನ್ನೋದು ನಮ್ಮ ಇಷ್ಟ ಅಲ್ಲ, ಅದಕ್ಕೊಂದು ಲೆಕ್ಕ ಐತೆ. ಹೊಡೆದಾಟ, ಕಳ್ಳತನ ಇಂಥ ಕ್ರಿಮಿನಲ್ ಕೇಸು ಎಲ್ಲಿ ನಡೀತೋ ಆ ಊರಿನ ಕೋರ್ಟಿಗೆ ಬರ್ತದೆ. ಜಮೀನಿನ ದಾವೆ ಜಮೀನು ಎಲ್ಲೈತೋ ಅಲ್ಲಿಗೆ. ಆಕ್ಸಿಡೆಂಟ್ ಪರಿಹಾರದ ಅರ್ಜೀನ ಅಪಘಾತ ಆದ ಕಡೆ ಹಾಕಬಹುದು, ನಾವು ವಾಸ ಇರೋ ಕಡೆನೂ ಹಾಕಬಹುದು. ಜೀವನಾಂಶಕ್ಕೆ, ಇಲ್ಲಾ ಮನೇಲಿ ಹಿಂಸೆ ಅಂತ ಕೇಳೋ ರಕ್ಷಣೆಗೆ, ಹೆಣ್ಮಗಳು ಈಗ ಎಲ್ಲಿ ವಾಸ ಅವ್ಳೋ ಅಲ್ಲೇ ಹಾಕಬಹುದು. ಬೆಂಗಳೂರಿಗೆ ಕೊಟ್ಟ ಮಗಳು ಮಾಗಡಿ ತವರಿಗೆ ವಾಪಸ್ ಬಂದು ಅಲ್ಲೇ ನೆಲೆ ನಿಂತವ್ಳೆ ಅಂದ್ರೆ ಮಾಗಡಿಲೇ ಕೇಳಬಹುದು, ಪ್ರತಿ ವಾಯ್ದೆಗೂ ಬೆಂಗಳೂರಿಗೆ ಅಲೆಯೋ ಹಂಗಿಲ್ಲ.

ಕೇಸು ಯಾವ ಊರಲ್ಲೋ ಆ ಊರಿನ ವಕೀಲ್ರು ಇದ್ರೆ ಮುಕ್ಕಾಲು ಪಾಲು ಒಳ್ಳೇದು. ಕೋರ್ಟಲ್ಲಿ ಹೆಸರು ಕೂಗಿದಾಗ ಅವ್ರು ಅಲ್ಲೇ ಇರ್ತಾರೆ, ಒಂದು ನಕಲು ಕಾಪಿ ಬೇಕು ಅಂದ್ರೆ ಗುಮಾಸ್ತರು ಅವತ್ತೇ ಅರ್ಜಿ ಹಾಕ್ತಾರೆ. ಆದ್ರೆ ಸಣ್ಣ ಊರು ಅಂದ್ಮೇಲೆ ಎಲ್ಲರಿಗೂ ಎಲ್ಲರೂ ಗೊತ್ತು. ನಮ್ಮ ವಕೀಲ್ರೂ ಎದುರು ಪಾರ್ಟಿ ವಕೀಲ್ರೂ ಒಂದೇ ಹೋಟ್ಲಲ್ಲಿ ಕೂತ್ಕೊಂಡು ತಟ್ಟೆ ಇಡ್ಲಿ ತಿಂತಿರ್ತಾರೆ. ಅದನ್ನ ನೋಡಿ ಎದೆ ಹೊಡ್ಕೋಬೇಡಿ, ಅದು ಅವರ ಕಸುಬಿನ ಒಡನಾಟ. ಕೇಳಬೇಕಾಗಿರೋದು ಬೇರೆ: ಇದೇ ವಿಷಯದಲ್ಲಿ ಅವ್ರು ಎದುರು ಕಡೆಯೋರ ಕಾಗದ ಪತ್ರ ಯಾವತ್ತಾದ್ರೂ ನೋಡವ್ರಾ? ಅವರಿಗೆ ಸಲಹೆ ಕೊಟ್ಟವ್ರಾ? ಹೌದು ಅಂದ್ರೆ ನಮಸ್ಕಾರ ಹೇಳಿ ಬೇರೆಯವರನ್ನ ನೋಡಿ. ನೀವು ವಕೀಲ್ರಿಗೆ ಹೇಳಿದ ಗುಟ್ಟನ್ನ ನಿಮ್ಮ ಒಪ್ಪಿಗೆ ಇಲ್ದೆ ಅವ್ರು ಹೊರಗೆ ಹೇಳಂಗಿಲ್ಲ, ಅದು ಕಾನೂನಲ್ಲೇ ಐತೆ. ಆದ್ರೆ ಆ ವಕೀಲ್ರು ನಿಮ್ಮವರಾಗಿರಬೇಕು, ನಿಮ್ಮ ಮೈದುನನ ಸ್ನೇಹಿತರಾಗಿದ್ರೆ ಸಾಲದು.

ಇನ್ನು ಕ್ರಿಮಿನಲ್ ಕೇಸು. ನಮ್ಮ ಹಳ್ಳಿ ಕಡೆ ಬರೋದು ಹೆಚ್ಚಾಗಿ ಬದು, ದಾರಿ, ನೀರಿನ ಜಗಳ. ಎರಡು ಕಡೆಯೋರೂ ಹೊಡೆದಾಡ್ಕೋತಾರೆ, ಎರಡು ಕಡೆಯೋರೂ ಆಸ್ಪತ್ರೆಗೆ ಹೋಗಿ ಮಲಗ್ತಾರೆ, ಎರಡು ಕಡೆಯೋರೂ ಕಂಪ್ಲೇಂಟ್ ಕೊಡ್ತಾರೆ. ಕೇಸಿಗೊಂದು ಪ್ರತಿ ಕೇಸು. ನಮ್ಮ ಮೈದುನಂಗೂ ಹಂಗೇ ಆಯ್ತು. ಜಾಮೀನಿಗೆ ಜಾಮೀನುದಾರರು ಬೇಕು ಅಂದ್ರು. ಪಹಣಿ ಇರೋದು ನಮ್ಮತ್ತೆ ಹೆಸರಲ್ಲಿ. ಮೈದುನನ ಸ್ನೇಹಿತರು ಕಾರು ತಂದು, "ಅಜ್ಜಿ, ಒಂದು ಸಹಿ ಅಷ್ಟೇ, ಊಟದ ಹೊತ್ತಿಗೆ ಮನೇಲಿರ್ತೀಯ" ಅಂದ್ರು. ನಮ್ಮತ್ತೆಗೆ ಎಪ್ಪತ್ತು ದಾಟೈತೆ, ಸ್ಕೂಲ್ ಮುಖ ನೋಡಿದೋರಲ್ಲ. ಕೋರ್ಟಿನ ಆವರಣದಲ್ಲಿ ವಕೀಲ್ರನ್ನ ನಿಲ್ಲಿಸ್ಕೊಂಡು ಒಂದೇ ಮಾತು ಕೇಳಿದ್ರು:

"ಸ್ವಾಮಿ, ನಾಳೆ ಈ ಹೈದ ಕೋರ್ಟಿಗೆ ಬರ್ದೆ ಓಡೋದ್ರೆ ನಂಗೇನಾಯ್ತದೆ?"

ಸುತ್ತ ಇದ್ದೋರೆಲ್ಲ ನಕ್ರು. ವಕೀಲ್ರು ನಗಲಿಲ್ಲ. ನಿಂತು ಬಿಡಿಸಿ ಹೇಳಿದ್ರು. ಅವನು ಬರ್ದೆ ಹೋದ್ರೆ ಬಾಂಡಲ್ಲಿ ಬರೆದಿರೋ ಮೊತ್ತಾನ ಕೋರ್ಟು ನಿಮ್ಮಿಂದ ವಸೂಲಿ ಮಾಡಬಹುದು, ಅವನು ದಾರಿ ತಪ್ತಾವ್ನೆ ಅನ್ಸಿದ್ರೆ "ನನ್ನನ್ನ ಈ ಜಾಮೀನಿಂದ ಬಿಡಿಸಿ" ಅಂತ ನೀವೇ ಕೋರ್ಟಿಗೆ ಅರ್ಜಿ ಕೊಡಬಹುದು ಅಂತ. ನಮ್ಮತ್ತೆ ಪೂರ್ತಿ ಕೇಳಿಸ್ಕೊಂಡು ಆಮೇಲೆ ಹೆಬ್ಬೆಟ್ಟು ಒತ್ತಿದ್ರು. ಅವತ್ತಿಂದ ಪ್ರತಿ ವಾಯ್ದೆ ಹಿಂದಿನ ರಾತ್ರಿ ಮೈದುನನ ಮನೆ ಬಾಗಿಲಲ್ಲಿ ನಿಂತು, "ನಾಳೆ ಕೋರ್ಟಿಗೆ ಹೋಗ್ತೀಯೋ, ಇಲ್ಲ ನಾನೇ ಪೊಲೀಸ್ರಿಗೆ ಹೇಳ್ಲೋ" ಅಂತಿದ್ರು. ಒಂದು ವಾಯ್ದೇನೂ ತಪ್ಪಲಿಲ್ಲ. ಓದು ಬರ್ದಿದ್ರೂ ಕೇಳೋ ಬಾಯಿ ಇದ್ರೆ ಸಾಕು ಅಂತ ನಂಗೆ ಅವತ್ತು ಅನ್ಸಿದ್ದು.

ಸ್ಟೇಷನ್ ವಿಷಯದಲ್ಲಿ ಹೆಣ್ಮಕ್ಕಳು ತಿಳ್ಕೋಬೇಕಾದ್ದು ಕೆಲವು ಐತೆ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ ಬದಲು ಹೊಸ ಕಾನೂನು ಬಂದವೆ, ಸೆಕ್ಷನ್ ನಂಬರ್‌ಗಳು ಬದಲಾಗವೆ. ನಂಬರ್ ವಕೀಲ್ರು ನೋಡ್ಕೊಳ್ಲಿ, ಈ ಹಕ್ಕುಗಳು ಹಂಗೇ ಅವೆ. ಕಂಪ್ಲೇಂಟ್ ಕೊಟ್ಟೋರಿಗೆ ಎಫ್‌ಐಆರ್ ಕಾಪಿ ಪುಕ್ಕಟೆ ಕೊಡಬೇಕು. ಸಾಕ್ಷಿ ಹೇಳಿಕೆಗೆ ಅಂತ ಹೆಂಗಸನ್ನ ಸ್ಟೇಷನ್ನಿಗೆ ಬಾ ಅಂತ ಒತ್ತಾಯ ಮಾಡಂಗಿಲ್ಲ, ಅವಳು ಇರೋ ಮನೆಗೇ ಬಂದು ಕೇಳಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟೋಕೆ ಮುಂಚೆ ಹೆಂಗಸನ್ನ ಅರೆಸ್ಟ್ ಮಾಡಂಗಿಲ್ಲ. ತೀರಾ ಅಪರೂಪದ ಸಂದರ್ಭ ಅಂದ್ರೆ ಮಹಿಳಾ ಅಧಿಕಾರಿನೇ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ತಗೊಂಡು ಮಾಡಬೇಕು. ಯಾರನ್ನೇ ಹಿಡಿದ್ರೂ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಪ್ರಯಾಣದ ಹೊತ್ತು ಬಿಟ್ಟು. ಪೊಲೀಸ್ರಿಂದ ಹಾಜರಾಗಿ ಅಂತ ನೋಟಿಸ್ ಬಂದ್ರೆ ಹೆದರಿ ನೆಂಟರ ಮನೇಲಿ ಬಚ್ಚಿಟ್ಕೋಬಾರ್ದು. ನೋಟಿಸಿಗೆ ಸರಿಯಾಗಿ ಹೋಗೋನ್ನ ಸುಮ್ ಸುಮ್ನೆ ಹಿಡಿಯಂಗಿಲ್ಲ, ಹೋಗ್ದೇ ಇದ್ರೆ ಅದೇ ಹಿಡಿಯೋಕೆ ಕಾರಣ ಆಯ್ತದೆ.

ಇನ್ನೊಂದು. ಹೊಡೆಸ್ಕೊಂಡೋರು ನೀವು, ಕಂಪ್ಲೇಂಟ್ ಕೊಟ್ಟೋರು ನೀವು ಅಂದ್ರೆ ಕೇಸ್ ನಡೆಸೋಕೆ ನೀವು ವಕೀಲ್ರಿಗೆ ದುಡ್ಡು ಕೊಡ್ಲೇಬೇಕು ಅಂತಿಲ್ಲ. ಪೊಲೀಸರು ಹಾಕಿದ ಕೇಸನ್ನ ನಡೆಸೋರು ಸರ್ಕಾರಿ ವಕೀಲ್ರು. ಅವರ ಜೊತೆ ನಿಲ್ಲೋಕೆ ನಮ್ಮವರೊಬ್ರು ಇರಲಿ ಅಂದ್ರೆ ಇಟ್ಕೋಬಹುದು, ಅದು ನಿಮ್ಮ ಇಷ್ಟ.

ಗಾಡಿ ವಿಷಯಕ್ಕೆ ಬರ್ತೀನಿ. ನಿಮ್ಮ ಮನೆ ಸ್ಕೂಟ್ರು ಯಾರ ಹೆಸರಲ್ಲೈತೆ, ಒಂದ್ಸಲ ಆರ್‌ಸಿ ತೆಗೆದು ನೋಡಿ. ನಮ್ಮ ಚಿಕ್ಕಮ್ಮನ ಹೆಸರಲ್ಲಿ ಒಂದು ಕೆಎ-42 ಗಾಡಿ ಇತ್ತು. ಅವ್ರಿಗೆ ಓಡ್ಸೋಕೂ ಬರ್ತಿರಲಿಲ್ಲ. ಮಗ ಅದನ್ನ ಯಾರಿಗೋ ಮಾರಿದ, ದುಡ್ಡು ಇಸ್ಕೊಂಡ, ಫಾರಂಗೆ ಚಿಕ್ಕಮ್ಮನ ಸಹಿ ಹಾಕ್ಸಿ ಕೊಟ್ಟ. ತಗೊಂಡೋನು ಹೆಸರು ವರ್ಗ ಮಾಡಿಸ್ಕೊಳ್ಳಲೇ ಇಲ್ಲ, ವಿಮೆನೂ ಕಟ್ಟಿಲ್ಲ. ಒಂದಿನ ಯಾರಿಗೋ ಗುದ್ದಿದ. ಕೋರ್ಟಿಂದ ನೋಟಿಸ್ ಬಂದಿದ್ದು ಚಿಕ್ಕಮ್ಮಂಗೆ. ಕಾನೂನಿನ ಕಣ್ಣಿಗೆ ಆರ್‌ಟಿಓ ಪುಸ್ತಕದಲ್ಲಿ ಯಾರ ಹೆಸರೋ ಅವರೇ ಓನರು, ಸುಪ್ರೀಂ ಕೋರ್ಟು 2018ರಲ್ಲೂ ಇದನ್ನೇ ಹೇಳೈತೆ. ವಿಮೆ ಇಲ್ದ ಗಾಡಿಯಾದ್ರೆ ಪರಿಹಾರ ಓನರ್ ಕೈಯಿಂದ, ಅಂದ್ರೆ ಜಮೀನಿಂದ, ಒಡವೆಯಿಂದ ಹೋಗಬೇಕು. ಚಿಕ್ಕಮ್ಮ ಇನ್ನೂ ಅದಕ್ಕೆ ಓಡಾಡ್ತಾನೇ ಅವ್ರೆ. ಅದಕ್ಕೇ ಗಾಡಿ ಮಾರಿದ್ರೆ ಆರ್‌ಟಿಓ ತಾವ ಹೆಸರು ವರ್ಗ ಆಯ್ತು ಅಂತ ಕಣ್ಣಲ್ಲಿ ನೋಡೋವರೆಗೂ ಬಿಡಬೇಡಿ.

ಮಕ್ಕಳ ಕೈಗೆ ಗಾಡಿ ಕೊಡೋ ಅವ್ವಂದಿರಿಗೂ ಹೇಳ್ಬೇಕು. 2019ರ ಸೆಪ್ಟೆಂಬರ್‌ನಿಂದ ಬಂದಿರೋ ತಿದ್ದುಪಡಿ ಪ್ರಕಾರ, 18 ತುಂಬದ ಹುಡುಗ ಗಾಡಿ ಓಡ್ಸಿ ತಪ್ಪು ಮಾಡಿದ್ರೆ ಶಿಕ್ಷೆ ಹುಡುಗಂಗೆ ಮಾತ್ರ ಅಲ್ಲ, ಪೋಷಕರಿಗೆ ಇಲ್ಲಾ ಗಾಡಿ ಓನರಿಗೂ ಬೀಳ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು. ಆ ಹುಡುಗಂಗೆ 25 ವರ್ಷ ಆಗೋವರೆಗೂ ಎಲ್‌ಎಲ್‌ಆರ್ ಕೂಡ ಸಿಗಲ್ಲ. "ಇಲ್ಲೇ ಡೈರಿಗೆ ಹಾಲು ಹಾಕಿ ಬರ್ತಾನೆ" ಅಂತ ಕೀ ಕೊಡೋಕೆ ಮುಂಚೆ ಇದನ್ನ ನೆನೆಸ್ಕೊಳ್ಳಿ. ಕುಡಿದು ಓಡ್ಸೋದಕ್ಕೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಇಲ್ಲಾ ಎರಡೂ ಬೀಳಬಹುದು. ಹೊಸ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ ಓಡಾಡಂಗಿಲ್ಲ, ಸರ್ವಿಸ್ ರಸ್ತೇಲೇ ಹೋಗಬೇಕು. ಇದು ಇನ್ನೂ ಎಷ್ಟೋ ಹೈಕಳ ತಲೆಗೆ ಹೋಗಿಲ್ಲ.

ಗುದ್ದಿಸ್ಕೊಂಡೋರು ನಾವಾದ್ರೆ? ನಮ್ಮ ಬೀದಿ ಹೆಣ್ಮಗಳೊಬ್ಳಿಗೆ ಸರ್ವಿಸ್ ರಸ್ತೇಲಿ ಕಾರು ಗುದ್ದಿ ಕಾಲು ಮುರೀತು. ಗಂಡ ವಕೀಲ್ರ ತಾವ ಹೋಗಿ ಪರಿಹಾರದ ಅರ್ಜಿ ಬರೆಸ್ಕೊಂಡು ಬಂದ. ಸಹಿಗೆ ಅಂತ ಅವಳ ಮುಂದೆ ಇಟ್ಟಾಗ ನಾನೂ ಅಲ್ಲೇ ಇದ್ದೆ, ಓದಿ ಹೇಳಿದೆ. "ಉದ್ಯೋಗ: ಗೃಹಿಣಿ. ಆದಾಯ: ಇಲ್ಲ" ಅಂತ ಬರ್ದಿತ್ತು. ಅವಳು ಎರಡು ಹಸ ಕಟ್ಟಿ ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕೋಳು, ಡೈರಿ ಪುಸ್ತಕ ಅವಳ ಹೆಸರಲ್ಲೇ ಐತೆ. ಅದರ ಮೇಲೆ ರೇಷ್ಮೆ ಹುಳ ಸಾಕೋ ಮನೆ. ಸೊಪ್ಪು ಕೊಯ್ಯೋದು, ಹುಳಕ್ಕೆ ಹಾಕೋದು, ಚಂದ್ರಿಕೆ ಮೇಲೆ ಬಿಡೋದು ಎಲ್ಲಾ ಅವಳೇ. ಗೂಡು ಮಾರ್ಕೆಟ್ಟಿಗೆ ತಗೊಂಡ್ಹೋಗಿ ದುಡ್ಡು ಎಣಿಸ್ಕೊಂಡು ಬರೋನು ಗಂಡ, ಅಷ್ಟೇ ವ್ಯತ್ಯಾಸ. ಅವಳನ್ನ ಆಟೋದಲ್ಲಿ ಕೂರಿಸ್ಕೊಂಡು ವಕೀಲ್ರ ತಾವ ಹೋದ್ವಿ. ಡೈರಿ ಪುಸ್ತಕ ನೋಡ್ತಿದ್ದಂಗೆ ವಕೀಲ್ರೇ, "ಇದನ್ನ ಮೊದಲೇ ಯಾಕೆ ಕೊಡಲಿಲ್ಲ ಮಾರಾಯ?" ಅಂತ ಗಂಡನ್ನ ಬೈದ್ರು. ಅರ್ಜಿ ತಿದ್ದಿ ಬರೆದ್ರು. ವಕೀಲ್ರು ತಪ್ಪು ಮಾಡಿರಲಿಲ್ಲ, ಗಂಡ ಹೇಳಿದ್ದನ್ನ ಬರೆದಿದ್ರು. ಗಂಡಂಗೆ ಹೆಂಡ್ತಿ ಮಾಡೋದು ಕೆಲಸ ಅಂತಲೇ ಲೆಕ್ಕಕ್ಕೆ ಬಂದಿರಲಿಲ್ಲ.

ಹಸ, ಹುಳ ಏನೂ ಇಲ್ದೆ ಬರೀ ಮನೆ ನೋಡ್ಕೊಳ್ಳೋ ಹೆಂಗಸಾದ್ರೂ ಅವಳ ದುಡಿಮೆಗೆ ಬೆಲೆ ಕಟ್ಟಿ ಪರಿಹಾರ ಲೆಕ್ಕ ಹಾಕಬೇಕು. 2021ರ ಜನವರೀಲಿ ಸುಪ್ರೀಂ ಕೋರ್ಟು ಇದನ್ನ ಸ್ಪಷ್ಟವಾಗಿ ಹೇಳೈತೆ. ಆಕ್ಸಿಡೆಂಟ್ ಕೇಸಲ್ಲಿ ನೆನಪಿಡಬೇಕಾದ್ದು ಇನ್ನೆರಡು. 2022ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಇಟ್ಟೈತೆ, ಅದಕ್ಕೇ ಗಾಯ ವಾಸಿ ಆಗ್ಲಿ ಅಂತ ಕಾಯ್ದೆ ಬೇಗ ವಕೀಲ್ರನ್ನ ನೋಡಿ. ಆಸ್ಪತ್ರೆ ಬಿಲ್ಲು, ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಔಷಧಿ ಅಂಗಡಿ ಚೀಟಿ ಎಲ್ಲಾನೂ ಒಂದು ಕವರಲ್ಲಿ ಇಡಿ. ಮತ್ತೆ, "ಫೀಸೇನೂ ಬ್ಯಾಡ, ಬಂದಿದ್ರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅಂತ ಆಸ್ಪತ್ರೆ ವಾರ್ಡಿಗೇ ಹುಡುಕ್ಕೊಂಡು ಬರೋರ ಹತ್ರ ಹುಷಾರು. ಗೆದ್ದ ದುಡ್ಡಲ್ಲಿ ಪಾಲು ಅಂತ ಫೀಸು ಮಾತಾಡೋದು ವಕೀಲ್ರ ಪರಿಷತ್ತಿನ ನಿಯಮಕ್ಕೇ ವಿರುದ್ಧ.

ಈಗ ಸಂಸಾರದ ವಿಷಯ. ಮಗಳು ಗಂಡನ ಮನೆಯಿಂದ ಬಂದವ್ಳೆ, ವಕೀಲ್ರ ತಾವ ಹೋಗೋದು ಅಪ್ಪ, ಸೋದರಮಾವ, ಊರಿನ ಒಬ್ರು ಮುಖಂಡ್ರು. ಮಗಳು ಮೂಲೇಲಿ ತಲೆ ತಗ್ಗಿಸ್ಕೊಂಡು ಕೂತಿರ್ತಾಳೆ. ಮಾವ ಹೇಳೋ ಕಥೆ ವರದಕ್ಷಿಣೆದು, ಅಪ್ಪ ಹೇಳೋದು ಮರ್ಯಾದೆದು. ಅವಳಿಗೆ ನಿಜವಾಗಿ ಏನಾಗೈತೆ, ಅವಳಿಗೆ ಏನು ಬೇಕು ಅನ್ನೋದು ಯಾರಿಗೂ ಗೊತ್ತಿರಲ್ಲ. ಡೈವೋರ್ಸ್ ಬೇಕೋ, ಬರೀ ಜೀವನಾಂಶ ಸಾಕೋ, ಹೊಡಿಯೋದು ನಿಂತ್ರೆ ವಾಪಸ್ ಹೋಗ್ತಾಳೋ, ಇವು ಮೂರೂ ಬೇರೆ ಬೇರೆ ದಾರಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೇಲಿ ರಕ್ಷಣೆ, ಇರೋಕೆ ಮನೆ, ಖರ್ಚಿಗೆ ಹಣ ಕೇಳೋಕೆ ಡೈವೋರ್ಸ್ ಹಾಕ್ಲೇಬೇಕು ಅಂತಿಲ್ಲ. ಅದಕ್ಕೇ ಮಗಳನ್ನ ವಕೀಲ್ರ ಜೊತೆ ಅರ್ಧ ಗಂಟೆ ಒಂಟಿಯಾಗಿ ಮಾತಾಡೋಕೆ ಬಿಡಿ. ನಾವು ಅವ್ವಂದಿರೂ ಹೊರಗೆ ಬರೋಣ. ನಮ್ಮ ಮುಂದೆನೂ ಹೇಳೋಕಾಗದ ಮಾತು ಇರ್ತವೆ. ಗಂಡಸು ವಕೀಲ್ರ ಮುಂದೆ ಬಾಯಿ ಬರ್ದಿದ್ರೆ ನಮ್ಮ ಕಡೆ ಈಗ ಹೆಣ್ಮಕ್ಕಳು ವಕೀಲ್ರು ಬೇಕಾದಷ್ಟು ಜನ ಅವ್ರೆ.

ಕೊನೇದಾಗಿ ಆಸ್ತಿ. ಇದನ್ನ ಬರೀಬೇಕೋ ಬ್ಯಾಡವೋ ಅಂತ ತುಂಬಾ ದಿನ ಯೋಚನೆ ಮಾಡಿದೆ. ಓದೋರಲ್ಲಿ ನಮ್ಮತ್ತಿಗೇನೂ ಇರಬಹುದು. ಇರ್ಲಿ, ಅವಳಿಗೂ ಗೊತ್ತಿರೋ ವಿಷಯವೇ.

ನಮ್ಮಪ್ಪಂಗೆ ನಾವು ಮೂರು ಹೆಣ್ಣು, ಎರಡು ಗಂಡು. ಅಪ್ಪ ತೀರ್ಕೊಂಡ ಮೇಲೆ ಜಮೀನು ಅಣ್ಣ ತಮ್ಮ ಉಳ್ತಿದ್ರು, ನಾವು ಕೇಳೋಕೂ ಹೋಗಿರಲಿಲ್ಲ. ಹೆದ್ದಾರಿ ಬಂತು, ಜಮೀನಿನ ಬೆಲೆ ಎಲ್ಲೋ ಇದ್ದಿದ್ದು ಎಲ್ಲಿಗೋ ಹೋಯ್ತು. ವಂಶವೃಕ್ಷ ಮಾಡಿಸೋಕೆ ಹೋದ್ರೆ ಅದರಲ್ಲಿ ನಮ್ಮ ಮೂವರ ಹೆಸರೂ ಐತೆ. 2021ರಲ್ಲಿ ಅಣ್ಣ ಮೂವರನ್ನೂ ತವರಿಗೆ ಕರೆಸಿದ. ಬಾಡೂಟ, ಸೀರೆ, ಕುಂಕುಮ ಎಲ್ಲಾ ಆಯ್ತು. ಆಮೇಲೆ ಜಗಲಿ ಮೇಲೆ ಒಬ್ರು ವಕೀಲ್ರು ಕಾಗದ ಬಿಚ್ಚಿದ್ರು. ಹಕ್ಕು ಬಿಡುಗಡೆ ಪತ್ರ. "ಲಾಯರ್ರು ನಮ್ಮೋರೇ, ಎಲ್ಲಾ ನೋಡವ್ರೆ. ನೀವು ಸಹಿ ಹಾಕ್ಬುಡಿ" ಅಂದ ಅಣ್ಣ.

ನಾನು ವಕೀಲ್ರನ್ನೇ ಕೇಳಿದೆ. "ಸ್ವಾಮಿ, ನೀವು ಯಾರ ಕಡೆ ವಕೀಲ್ರು?"

ಜಗಲಿ ಮೇಲೆ ಯಾರೂ ಉಸ್ರು ಬಿಡಲಿಲ್ಲ. ಆ ವಕೀಲ್ರು ಒಳ್ಳೆಯೋರು, ಅದನ್ನ ಹೇಳ್ಲೇಬೇಕು. ಕನ್ನಡಕ ತೆಗೆದು, "ನಾನು ನಿಮ್ಮಣ್ಣನ ಪರ ಕಣಮ್ಮ. ನಿಮ್ಮ ಮೂವರ ಪರವಾಗಿ ಹೇಳೋಕೆ ನಂಗೆ ಬರಲ್ಲ. ಬೇಕಿದ್ರೆ ಬೇರೆಯವರನ್ನ ಕೇಳ್ಕೊಂಡು ಬನ್ನಿ" ಅಂದ್ರು. ಅಷ್ಟೇ ಸಾಕಾಯ್ತು. ಕಾಗದದ ಒಂದು ಜೆರಾಕ್ಸ್ ಇಸ್ಕೊಂಡು ಬಂದ್ವಿ.

ರಾಮನಗರದಲ್ಲಿ ಒಬ್ರು ವಕೀಲಮ್ಮನ ತಾವ ಹೋದ್ವಿ. ನಮ್ಮ ತಲೇಲಿ ಇದ್ದಿದ್ದು, "ನಮಗೆಲ್ಲಾ 1994ಕ್ಕೆ ಮುಂಚೆನೇ ಮದ್ವೆ ಆಗೈತೆ, ನಮಗೆ ಪಾಲಿಲ್ಲ" ಅನ್ನೋದು. ನಮ್ಮ ಕಡೆ ಎಲ್ಲಾ ಹೆಂಗಸರ ತಲೇಲೂ ಇದೇ ಐತೆ. ಅದು ಸುಳ್ಳಲ್ಲ, ಹಳೇದು. 1994ರಲ್ಲಿ ಕರ್ನಾಟಕ ಮಾಡಿದ ತಿದ್ದುಪಡೀಲಿ ಪಿತ್ರಾರ್ಜಿತ ಆಸ್ತೀಲಿ ಹೆಣ್ಮಕ್ಕಳಿಗೆ ಹಕ್ಕು ಕೊಟ್ರು, ಅದಕ್ಕೆ ಮುಂಚೆ ಮದ್ವೆ ಆದೋರನ್ನ ಬಿಟ್ಟಿದ್ರು. 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡೀಲಿ ಮದ್ವೆ ಆದೋರು, ಆಗ್ದೋರು ಅನ್ನೋ ಭೇದ ಇಲ್ಲ, ಮಗನಂಗೇ ಮಗಳು. ಅಪ್ಪ 2005ರಲ್ಲಿ ಬದುಕಿರಲೇಬೇಕು ಅಂತಾನೂ ಇಲ್ಲ ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪು ಕೊಡ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆನೇ ರಿಜಿಸ್ಟರ್ ಆಗಿ ಭಾಗ ಆಗೋಗಿದ್ರೆ ಅದನ್ನ ಮತ್ತೆ ಕೆದಕಂಗಿಲ್ಲ. ಇನ್ನು ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಯಾದ್ರೆ ಅವರು ಯಾರಿಗೆ ಬೇಕಾದ್ರೂ ವಿಲ್ ಬರೀಬಹುದು. ಬರೀದೆ ಹೋದ್ರೆ ಅವ್ವಂಗೂ ಎಲ್ಲಾ ಮಕ್ಕಳಿಗೂ ಸಮ.

ಇಷ್ಟು ಹೇಳಿ ವಕೀಲಮ್ಮ, "ಈಗ ಒಬ್ಬೊಬ್ಬರಾಗಿ ಒಳಗೆ ಬನ್ನಿ" ಅಂದ್ರು. ಮೂವರೂ ಒಂದೇ ಅನ್ಕೊಂಡಿದ್ವಿ. ಒಳಗೆ ಹೋಗಿ ಬಂದ್ರೆ ಮೂವರದ್ದೂ ಮೂರು ದಾರಿ. ಅಕ್ಕ, "ನಂಗೆ ಜಮೀನು ಬ್ಯಾಡ, ಅಣ್ಣ ಬೇಕು" ಅಂತ ತಿಳಿದೂ ತಿಳಿದೇ ಹಕ್ಕು ಬಿಟ್ಟುಕೊಟ್ಲು. ಏನು ಬಿಡ್ತಾ ಇದ್ದೀನಿ ಅಂತ ಎಕರೆ ಕುಂಟೆ ಸಮೇತ ಓದಿಸ್ಕೊಂಡು ಸಹಿ ಹಾಕಿದ್ಲು. ತಂಗಿ ಗಂಡಂಗೆ ಹುಷಾರಿಲ್ಲ, ಎರಡು ಹೆಣ್ಮಕ್ಳು ಓದ್ತಾವ್ರೆ, ಅವಳು ಪಾಲು ಬೇಕೇ ಬೇಕು ಅಂದ್ಲು. ನಾನು ತಂಗಿ ಜೊತೆ ನಿಂತೆ. ಚನ್ನಪಟ್ಟಣದಲ್ಲಿ ಪಾಲಿನ ದಾವೆ ಹಾಕಿದ್ವಿ.

"ಗೆದ್ದವನು ಸೋತ, ಸೋತವನು ಸತ್ತ" ಅಂತ ನಮ್ಮ ಹಿರಿಯರು ಕೋರ್ಟಿನ ಬಗ್ಗೆ ಹೇಳೋದು ಸುಮ್ನಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಬರಲಿಲ್ಲ. ಮುಂದಿನ ವರ್ಷನೂ ಬರಲಿಲ್ಲ. ಬಾಗಿಲು ಸಾರಿಸಿ, ರಂಗೋಲೆ ಹಾಕಿ, ಮಧ್ಯಾಹ್ನದವರೆಗೂ ಬೀದಿ ನೋಡ್ತಿದ್ದೆ. ಮೊರದಲ್ಲಿ ಬರೋದೇನು, ಒಂದು ಕನ್ನಡಿ, ಬಳೆ, ಬೆಲ್ಲ, ಬೇಳೆ. ಆದ್ರೆ ಅದು ಬರ್ದೇ ಇರೋ ಮಧ್ಯಾಹ್ನ ಎಂಥದ್ದು ಅಂತ ನಿಮಗೆಲ್ಲಾ ಗೊತ್ತು. ಪಾಲು ಕೇಳಿದ ಹೆಣ್ಣಿಗೆ ತವರಿಲ್ಲ ಅನ್ನೋ ಭಯಕ್ಕೇ ನಮ್ಮಲ್ಲಿ ಎಷ್ಟೋ ಜನ ಕಾಗದ ಓದದೇ ಸಹಿ ಹಾಕೋದು.

2023ರಲ್ಲಿ ಲೋಕ ಅದಾಲತ್‌ನಲ್ಲಿ ಕೂತು ರಾಜಿ ಆಯ್ತು. ತಂಗಿಗೆ ತೋಟದ ಒಂದು ಭಾಗ ಬಂತು. ನಂಗೆ ಬರಬೇಕಾದ್ದಕ್ಕಿಂತ ಕಡಿಮೆಗೇ ನಾನು ಒಪ್ಪಿದೆ, ಆದ್ರೆ ಎಷ್ಟು ಕಡಿಮೆ ಅಂತ ಗೊತ್ತಿದ್ದು ಒಪ್ಪಿದೆ. ಲೋಕ ಅದಾಲತ್‌ನಲ್ಲಿ ರಾಜಿ ಆದ್ರೆ ಕಟ್ಟಿದ ಕೋರ್ಟ್ ಫೀಸು ವಾಪಸ್ ಬರ್ತದೆ, ಅದರ ಮೇಲೆ ಅಪೀಲೂ ಇಲ್ಲ, ಅಲ್ಲಿಗೆ ಮುಗೀತು. ಆ ವರ್ಷ ಗೌರಿ ಹಬ್ಬಕ್ಕೆ ಅತ್ತಿಗೆ ಮೊರ ಹಿಡ್ಕೊಂಡು ಒಳಗೆ ಬಂದ್ಲು. ಅಣ್ಣ ಗೇಟಿನ ತಾವೇ ಗಾಡಿ ಮೇಲೆ ಕೂತಿದ್ದ. ಕಾಫಿ ಅಲ್ಲಿಗೇ ತಗೊಂಡ್ಹೋಗಿ ಕೊಟ್ಟೆ, ಕುಡಿದ. ಮಾತು ಇನ್ನೂ ಮೊದಲಿನಂಗಿಲ್ಲ, ಆದ್ರೆ ಲೋಟ ನನ್ನ ಕೈಗೇ ಕೊಟ್ಟು ಹೋದ.

ಫೀಸಿನ ಮಾತು ಹೇಳಿ ಮುಗಿಸ್ತೀನಿ. ಮೊದಲ ದಿನಾನೇ ಬಾಯಿಬಿಟ್ಟು ಕೇಳಿ: ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು, ಟೈಪಿಂಗು, ನಕಲು, ಓಡಾಟ ಅದರಲ್ಲೇ ಸೇರ್ತದಾ ಅಂತ. ಕೊಟ್ಟಿದ್ದಕ್ಕೆ ರಸೀದಿ ಕೇಳಿ, ಇಲ್ಲಾ ಫೋನ್‌ಪೇ ಮಾಡಿ, ದಾಖಲೆ ಇರ್ತದೆ. ವಕಾಲತ್ತಿಗೆ ಸಹಿ ಹಾಕೋದು ಅಂದ್ರೆ ನಿಮ್ಮ ಪರವಾಗಿ ಮಾತಾಡೋ ಅಧಿಕಾರ ಕೊಡೋದು, ಅದನ್ನ ಓದಿಸ್ಕೊಂಡು ಹಾಕಿ. ಖಾಲಿ ಕಾಗದಕ್ಕೆ, ಖಾಲಿ ಸ್ಟಾಂಪ್ ಪೇಪರಿಗೆ ಯಾರು ಹೇಳಿದ್ರೂ ಹಾಕಬೇಡಿ. ಮೂಲ ಪತ್ರ ಕೊಡೋಕೆ ಮುಂಚೆ ಜೆರಾಕ್ಸ್ ಮನೇಲಿರ್ಲಿ. ಕೇಸು ಹಾಕಿದ ಮೇಲೆ ಸಿಎನ್‌ಆರ್ ನಂಬರ್ ಅಂತ 16 ಅಕ್ಷರ-ಅಂಕಿಯ ಒಂದು ನಂಬರ್ ಬರ್ತದೆ, ಇಸ್ಕೊಳ್ಳಿ. ಇ-ಕೋರ್ಟ್ಸ್ ಅನ್ನೋ ಸರ್ಕಾರಿ ಆ್ಯಪಿಗೆ ಅದನ್ನ ಹಾಕಿದ್ರೆ ಹೋದ ವಾಯ್ದೇಲಿ ಏನಾಯ್ತು, ಮುಂದಿನ ವಾಯ್ದೆ ಯಾವತ್ತು ಎಲ್ಲಾ ಫೋನಲ್ಲೇ ಕಾಣ್ತದೆ. ನಾನು ಒಗ್ಗರಣೆ ಹಾಕ್ತಾ ನೋಡ್ತಿದ್ದೆ. ವಕೀಲ್ರು ಸರಿ ಬರಲಿಲ್ಲ ಅಂದ್ರೆ ಬದಲಾಯಿಸಬಹುದು. ಬಾಕಿ ಫೀಸಿಗೆ ಅಂತ ನಿಮ್ಮ ಫೈಲು ಹಿಡಿದಿಟ್ಕೊಳ್ಳಂಗಿಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲೇ ಹೇಳೈತೆ.

ದುಡ್ಡೇ ಇಲ್ಲ ಅನ್ನೋರಿಗೆ ಮುಖ್ಯವಾದ ಮಾತು. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ವಕೀಲ್ರು ಪುಕ್ಕಟೆ. ಬಡವಿ ಆಗಿರಬೇಕು ಅಂತಿಲ್ಲ, ಆದಾಯ ಪತ್ರ ಕೇಳಂಗಿಲ್ಲ, ಹೆಣ್ಣಾಗಿದ್ರೆ ಸಾಕು. ರಾಮನಗರದ ಕೋರ್ಟಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಐತೆ, ತಾಲ್ಲೂಕು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿ. ಕೋರ್ಟಿಗೆ ಹೋಗಿ ಕೇಳಿದ್ರೆ ತೋರಿಸ್ತಾರೆ. ಫೋನಲ್ಲಾದ್ರೆ 15100. ಮನೇಲಿ ಹೊಡೆತ ಬಡಿತ ಅಂದ್ರೆ ಮಹಿಳಾ ಸಹಾಯವಾಣಿ 181, ಜೀವಕ್ಕೇ ಅಪಾಯ ಅಂದ್ರೆ 112. ಈ ಮೂರು ನಂಬರ್‌ನ ಅಡುಗೆ ಮನೆ ಕ್ಯಾಲೆಂಡರ್ ಮೇಲೆ ಬರೆದಿಡಿ. ನಮಗೆ ಬೇಡ್ದೇ ಇದ್ರೂ ಕೆಲಸಕ್ಕೆ ಬರೋ ಹೆಣ್ಮಗಳಿಗೆ ಬೇಕಾಗಬಹುದು.

ಮುಂದಿನ ಸಲ ಯಾರಾದ್ರೂ ನಿಮ್ಮ ಮುಂದೆ ಕಾಗದ ಇಟ್ಟು, "ಬೇಗ ಒಂದು ಸಹಿ ಹಾಕವ್ವ, ಟೈಮಾಯ್ತು" ಅಂದ್ರೆ ಜಗಳ ಆಡಬೇಡಿ, ಅಳಬೇಡಿ. "ಇರಪ್ಪ, ಕನ್ನಡಕ ತರ್ತೀನಿ" ಅಂತ ಎದ್ದು ಒಳಗೆ ಹೋಗಿ. ಬಂದು ಕೂತು ಮೊದಲನೇ ಸಾಲಿಂದ ಓದಿ. ಓದೋಕೆ ಬರ್ದಿದ್ರೆ, ಅದರಲ್ಲಿ ಲಾಭ ಇಲ್ದೇ ಇರೋರ ಕೈಲಿ ಓದಿಸಿ. ಕಾಗದ ಒಳ್ಳೇದೇ ಆಗಿದ್ರೆ ಇನ್ನೂ ಅರ್ಧ ಗಂಟೆ ಕಾಯ್ತದೆ.